ಆಗ ಹಾರುತ್ತಿದ್ದ ಕಾರು ಈಗ ಯಾಕೆ ಕುಂಟುತ್ತಿದೆ?

ಓದುಗರ ಪ್ರಶ್ನೆ: ನನಗೆ 52 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯವನು. 1985ರಲ್ಲಿ ಬೆಂಗಳೂರಿನ ನಮ್ಮ ಚಿಕ್ಕಪ್ಪ ಇಂಗ್ಲೆಂಡಿನಿಂದ ಬರುವಾಗ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರ್ ತಂದಿದ್ದರು. ಬೇಸಿಗೆ ರಜೆಗೆ ಅವರ ಮನೆಗೆ ಹೋದಾಗ ಅಣ್ಣನೂ ನಾನೂ ಕಪ್ಪು-ಬಿಳುಪು ಟಿವಿ ಮುಂದೆ ನೆಲದ ಮೇಲೆ ಕೂತು 'ಚೆಕರ್ಡ್ ಫ್ಲ್ಯಾಗ್' ಎಂಬ ಕಾರ್ ರೇಸ್ ಆಡುತ್ತಿದ್ದೆವು. ಎಂಥಾ ವೇಗ! ನನ್ನ ಕೆಂಪು ಕಾರು ಮುಂದಿನ ಕಾರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಳೆದ ತಿಂಗಳು ಮಗ ಅದೇ ಆಟವನ್ನು ಮೊಬೈಲಿಗೆ ಹಾಕಿಕೊಟ್ಟ. ಕಾರು ಕುಂಟುತ್ತದೆ. ಎಡಕ್ಕೆ ಒತ್ತಿದರೆ ಸ್ವಲ್ಪ ಹೊತ್ತು ಬಿಟ್ಟು ತಿರುಗುತ್ತದೆ. ಶಬ್ದ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಹತ್ತೇ ನಿಮಿಷಕ್ಕೆ ಕೆಳಗಿಟ್ಟೆ, ಆದರೆ ಅವತ್ತಿಡೀ ಬೇಜಾರು. ನನ್ನ ನೆನಪೇ ಸುಳ್ಳಾ? ಇಲ್ಲಾ ಇದು ಅಸಲಿ ಆಟ ಅಲ್ವಾ? ಒಬ್ಬರು ಹಳೇ ಸ್ಪೆಕ್ಟ್ರಮ್ ಮಾರಾಟಕ್ಕಿಟ್ಟಿದ್ದಾರೆ, ನನ್ನ ಅರ್ಧ ತಿಂಗಳ ಸಂಬಳ ಕೇಳುತ್ತಿದ್ದಾರೆ. ಹಳೇ ಡಬ್ಬಕ್ಕೆ ಅಷ್ಟು ದುಡ್ಡಾ ಅಂತಾಳೆ ಹೆಂಡತಿ. ಚಿಕ್ಕಪ್ಪ ಈಗಿಲ್ಲ. ಅವರ ಕಂಪ್ಯೂಟರ್ ಯಾರ ಪಾಲಾಯಿತೋ ಗೊತ್ತಿಲ್ಲ. ನಾಲ್ಕು ಕ್ಯಾಸೆಟ್ ಮಾತ್ರ ನಮ್ಮ ಟ್ರಂಕಿನಲ್ಲಿವೆ, ಅವಕ್ಕೂ ಬಿಳಿ ಪುಡಿ ಹಿಡಿದಿದೆ. ಕೊಳ್ಳಲಾ, ಬೇಡವಾ?

ಉತ್ತರ: ನೀವು ಕೇಳಿದ್ದು ಎರಡು ವಿಷಯ. ನೆನಪು ನಿಜವಾ, ಯಂತ್ರ ಕೊಳ್ಳಬೇಕಾ. ಆದರೆ ಕಾಗದದ ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟಿದ್ದೀರಲ್ಲ, ಬಿಳಿ ಪುಡಿ ಅಂತ, ನನಗೆ ಅದೇ ಎಲ್ಲಕ್ಕಿಂತ ಅವಸರದ ವಿಷಯ. ಅದಕ್ಕೆ ಬರುತ್ತೇನೆ. ಅಲ್ಲಿಯತನಕ ಒಂದು ಮಾತು ನಡೆಸಿಕೊಡಿ: ಆ ಕ್ಯಾಸೆಟ್‌ಗಳನ್ನು ಯಾವ ಟೇಪ್ ರೆಕಾರ್ಡರಿಗೂ ಹಾಕಬೇಡಿ. ಒಂದು ಸಲ ನೋಡೋಣ ಅಂತಲೂ ಹಾಕಬೇಡಿ.

ಮೊದಲು ನೆನಪಿನ ವಿಷಯ. ಹಳೇ ಕಂಪ್ಯೂಟರ್ ರಿಪೇರಿ ಮಾಡುತ್ತಾ ನನಗೆ ಇಪ್ಪತ್ತು ವರ್ಷದ ಮೇಲಾಯಿತು. ರೇಸ್ ಆಟದ ಬಗ್ಗೆ ಬರುವವರೆಲ್ಲ ನಿಮ್ಮ ಹಾಗೇ ಕೇಳುತ್ತಾರೆ. ನಿಮ್ಮ ನೆನಪಿನಲ್ಲಿ ಎರಡು ತಪ್ಪಿವೆ, ಆದರೆ ನೀವು ಅನುಮಾನ ಪಡುತ್ತಿರುವ ಜಾಗದಲ್ಲಿ ತಪ್ಪಿಲ್ಲ.

ತಪ್ಪು ಒಂದು, ಕೆಂಪು ಕಾರು. ಚಿಕ್ಕಪ್ಪನ ಟಿವಿ ಕಪ್ಪು-ಬಿಳುಪು ಅಂತ ನೀವೇ ಬರೆದಿದ್ದೀರಿ. ಅದರಲ್ಲಿ ಕೆಂಪು ಬರುವುದು ಹೇಗೆ? ಅದೂ ಅಲ್ಲದೆ ಚೆಕರ್ಡ್ ಫ್ಲ್ಯಾಗ್ ಆಟದಲ್ಲಿ ಕಾರನ್ನು ಹಿಂದಿನಿಂದ ನೋಡುವುದಿಲ್ಲ. ಡ್ರೈವರ್ ಸೀಟಿನಲ್ಲಿ ಕೂತ ನೋಟ ಅದು. ಸ್ಟೀರಿಂಗ್, ಮೀಟರ್‌ಗಳು, ಮುಂದೆ ರಸ್ತೆ. ತಪ್ಪು ಎರಡು, ಹಿಂದೆ ಹಾಕಿದ ಕಾರುಗಳು. ಆ ಆಟದಲ್ಲಿ ನಿಮ್ಮನ್ನು ಬಿಟ್ಟು ಟ್ರ್ಯಾಕಿನಲ್ಲಿ ಬೇರೆ ಕಾರೇ ಇಲ್ಲ. ಪೈಪೋಟಿ ಗಡಿಯಾರದ ಜೊತೆ. ಅಡ್ಡಿ ಬರುವುದು ರಸ್ತೆ ಮೇಲಿನ ಎಣ್ಣೆ, ನೀರು, ಗಾಜಿನ ಚೂರು.

ಹಾಗಾದರೆ ಆ ಕಾರುಗಳು ಎಲ್ಲಿಂದ ಬಂದವು? ನನ್ನ ಊಹೆ, ಇನ್ನೊಂದು ಆಟದಿಂದ. 'ಪೋಲ್ ಪೊಸಿಷನ್' ಅಂತ ಜಪಾನಿನ ನ್ಯಾಮ್ಕೋ ಕಂಪನಿ 1982ರಲ್ಲಿ ಆರ್ಕೇಡ್‌ಗಳಿಗೆ, ಅಂದರೆ ನಾಣ್ಯ ಹಾಕಿ ಆಡುವ ಆಟದಂಗಡಿಗಳಿಗೆ, ಅಂತ ಮಾಡಿದ ಆಟ. ಫುಜಿ ಟ್ರ್ಯಾಕಿನ ರೇಸು. ಕಾರನ್ನು ಹಿಂದಿನಿಂದ ನೋಡುತ್ತೇವೆ, ಮುಂದಿನ ಕಾರುಗಳನ್ನು ಒಂದೊಂದಾಗಿ ದಾಟುತ್ತೇವೆ. 1984ರಲ್ಲಿ ಅದು ಸ್ಪೆಕ್ಟ್ರಮ್‌ಗೂ ಬಂತು. ನಿಮ್ಮ ನಾಲ್ಕು ಕ್ಯಾಸೆಟ್‌ಗಳಲ್ಲಿ ಒಂದು ಅದೇ ಇದ್ದರೂ ಇರಬಹುದು. ಕೆಂಪು ಬಣ್ಣವನ್ನು ಕ್ಯಾಸೆಟ್ ಕವರ್ ಕೊಟ್ಟಿರಬೇಕು. ಆಗಿನ ಆಟಗಳ ಕವರ್ ಮೇಲೆ ಮಿರಿಮಿರಿ ಮಿಂಚುವ ಚಿತ್ರ ಇರುತ್ತಿತ್ತು. ಕ್ಯಾಸೆಟ್ ಲೋಡ್ ಆಗುವತನಕ ಹುಡುಗರು ಮಾಡುತ್ತಿದ್ದ ಕೆಲಸವೇ ಆ ಕವರ್ ನೋಡುತ್ತಾ ಕೂರುವುದು. ಮನಸ್ಸು ಮೂರನ್ನೂ ಸೇರಿಸಿ ಒಂದು ಚಿತ್ರ ಮಾಡಿಕೊಂಡಿದೆ. ಎಲ್ಲರ ನೆನಪೂ ಹೀಗೇ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಒಂದು ವಿಷಯ ಇಲ್ಲಿ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು. ಸ್ಪೆಕ್ಟ್ರಮ್‌ನ ಎಂಟು ಬಣ್ಣಗಳಿಗೆ 0ರಿಂದ 7ರವರೆಗೆ ನಂಬರ್ ಇದೆ. ಕಪ್ಪು, ನೀಲಿ, ಕೆಂಪು, ಮೆಜೆಂಟಾ, ಹಸಿರು, ಸಯಾನ್, ಹಳದಿ, ಬಿಳಿ. ಈ ಕ್ರಮ ಮನಸ್ಸಿಗೆ ಬಂದ ಹಾಗೆ ಇಟ್ಟದ್ದಲ್ಲ, ಬೆಳಕಿನ ಕ್ರಮ. ಕಪ್ಪು-ಬಿಳುಪು ಟಿವಿಗೆ ಹಾಕಿದರೆ ಒಂದಕ್ಕಿಂತ ಒಂದು ತಿಳಿಯಾದ ಬೂದು ಬಣ್ಣಗಳಾಗಿ ಸಾಲಾಗಿ ಕಾಣುತ್ತವೆ. ಹಾಗಾಗಿ ನಿಮ್ಮ ಚಿಕ್ಕಪ್ಪನ ಟಿವಿಯಲ್ಲೂ ಆಕಾಶ ಬೇರೆ, ಹುಲ್ಲು ಬೇರೆ, ರಸ್ತೆ ಬೇರೆ ಅಂತ ಚೆನ್ನಾಗಿ ಗೊತ್ತಾಗುತ್ತಿತ್ತು. ನೀವು ನೋಡಿದ್ದು ಅರೆಬರೆ ಆಟ ಅಲ್ಲ.

ಇನ್ನು ವೇಗ. ಅದು ನಿಜ, ಆದರೆ ಅದನ್ನು ಸೃಷ್ಟಿಸಿದ್ದು ಹೇಗೆ ಅಂತ ತಿಳಿದರೆ ಮೊಬೈಲಿನಲ್ಲಿ ಯಾಕೆ ಹೋಯಿತು ಅನ್ನುವುದೂ ತಿಳಿಯುತ್ತದೆ.

ಆ ಯಂತ್ರದ ಲೆಕ್ಕ ನೋಡಿ. ಸ್ಪೆಕ್ಟ್ರಮ್‌ನ ಝಡ್80 ಪ್ರೊಸೆಸರ್ ಸೆಕೆಂಡಿಗೆ 35 ಲಕ್ಷ ಮಿಡಿತ ಮಿಡಿಯುತ್ತದೆ. ಕೇಳಲು ದೊಡ್ಡ ಸಂಖ್ಯೆ, ಅಲ್ವಾ? ಆದರೆ ನಮ್ಮ ಟಿವಿ ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತದೆ. ಅಂದರೆ ಒಂದು ಚಿತ್ರಕ್ಕೆ ಸಿಗುವುದು ಸುಮಾರು 70,000 ಮಿಡಿತ. ಪರದೆಯ ಚುಕ್ಕಿಗಳಿಗೆ 6144 ಬೈಟ್ ಬೇಕು. ಮಾಮೂಲಿ ನಕಲು ಸೂಚನೆಯಲ್ಲಿ ಒಂದು ಬೈಟನ್ನು ಅಲ್ಲಿಂದ ಇಲ್ಲಿಗೆ ಇಡಲು 21 ಮಿಡಿತ. ಗುಣಿಸಿದರೆ 1,29,000 ಆಗುತ್ತದೆ. ಹೊಸ ಚಿತ್ರ ಬರೆಯುವುದು ಹಾಗಿರಲಿ, ಎಲ್ಲೋ ಸಿದ್ಧವಾಗಿರುವ ಚಿತ್ರವನ್ನು ತಂದು ಪರದೆಗೆ ಇಡುವುದಕ್ಕೇ ಹೆಚ್ಚುಕಮ್ಮಿ ಎರಡು ಚಿತ್ರದಷ್ಟು ಹೊತ್ತು ಹೋಗುತ್ತದೆ.

ಇಂಥ ಯಂತ್ರದಲ್ಲಿ ರೇಸ್ ಕಾರು ಓಡಿಸುವುದು ಹೇಗೆ? ಪೂರ್ತಿ ಪರದೆಯನ್ನು ಮುಟ್ಟದೆ. ರಸ್ತೆಯ ಒಳಗೆಲ್ಲ ಒಂದೇ ಬಣ್ಣ, ಹುಲ್ಲಿಗೆಲ್ಲ ಒಂದೇ ಬಣ್ಣ. ಬದಲಾಗುವುದು ಎರಡೂ ಸೇರುವ ಅಂಚು ಮಾತ್ರ. ಆ ಅಂಚಿನ ಬೈಟ್‌ಗಳನ್ನಷ್ಟೇ ತಿದ್ದಿದರೆ ಸಾಕು, ಇಡೀ ರಸ್ತೆ ಹಾವಿನ ಹಾಗೆ ತಿರುಗಿದಂತೆ ಕಾಣುತ್ತದೆ. ಕಾರು ತಿರುಗುವುದೇ ಇಲ್ಲ, ರಸ್ತೆ ತಿರುಗುತ್ತದೆ. ದೂರದ ಗೆರೆಗಳನ್ನು ಜಾಸ್ತಿ ಜರುಗಿಸಿ, ಹತ್ತಿರದವನ್ನು ಕಡಿಮೆ ಜರುಗಿಸಿದರೆ ತಿರುವು ಆಯಿತು. ಪಕ್ಕದ ಪಟ್ಟೆಗಳು ಬೇಗ ಬೇಗ ಅದಲುಬದಲಾದರೆ ಕಾರು ಹಾರುತ್ತಿದೆ ಅಂತ ಕಣ್ಣು ನಂಬುತ್ತದೆ.

ಹೀಗೆಲ್ಲ ಉಳಿಸಿದರೂ ಸ್ಪೆಕ್ಟ್ರಮ್‌ನ ಬಹಳಷ್ಟು ರೇಸ್ ಆಟಗಳಲ್ಲಿ ಸೆಕೆಂಡಿಗೆ 50 ಹೊಸ ಚಿತ್ರ ಬರುತ್ತಲೇ ಇರಲಿಲ್ಲ. ಅದಕ್ಕಿಂತ ಎಷ್ಟೋ ಕಡಿಮೆ. ಈ ಕುಂಟು 1985ರಲ್ಲೂ ಇತ್ತು. ಆದರೆ ಆಗ ಅದನ್ನು ಮುಚ್ಚುವ ಮೂರು ಸಹಾಯ ಇದ್ದವು. ಮೊಬೈಲಿನಲ್ಲಿ ಮೂರೂ ಇಲ್ಲ.

ಮೊದಲನೆಯದು ಕೈ. ಆ ರಬ್ಬರ್ ಕೀಲಿಯನ್ನು ನೀವು ಒತ್ತಿದ ಮರುಕ್ಷಣ ಪ್ರೊಸೆಸರಿಗೆ ಗೊತ್ತಾಗುತ್ತಿತ್ತು. ನಡುವೆ ಬೇರೆ ಯಾವ ಪದರವೂ ಇರಲಿಲ್ಲ. ಅದು ಬರೆದದ್ದು ಆ ಕ್ಷಣವೇ ಟಿವಿಯ ಗಾಜಿನ ಮೇಲೆ ಬೆಳಗುತ್ತಿತ್ತು. ಹಳೇ ಪಿಕ್ಚರ್ ಟ್ಯೂಬ್ ಟಿವಿ ಚಿತ್ರವನ್ನು ಹಿಡಿದಿಟ್ಟುಕೊಂಡು ಸಂಸ್ಕರಿಸಿ ತೋರಿಸುತ್ತಿರಲಿಲ್ಲ, ಬಂದದ್ದನ್ನು ಬಂದ ಹಾಗೇ ತೋರಿಸುತ್ತಿತ್ತು. ಈಗ ನಿಮ್ಮ ಬೆರಳು ಗಾಜಿನ ಮೇಲೆ. ಅದನ್ನು ಫೋನ್ ಗುರುತಿಸಬೇಕು, ಎಮ್ಯುಲೇಟರಿಗೆ, ಅಂದರೆ ಹಳೇ ಯಂತ್ರದ ಹಾಗೆ ನಟಿಸುವ ಪ್ರೋಗ್ರಾಮಿಗೆ, ಹೇಳಬೇಕು, ಎಮ್ಯುಲೇಟರ್ ಚಿತ್ರ ಮಾಡಿ ಪರದೆಗೆ ಕೊಡಬೇಕು. ಒಂದೊಂದರಲ್ಲೂ ಚೂರು ಚೂರು ತಡ. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 55 ಮೀಟರ್ ಹೋಗುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಐದೂವರೆ ಮೀಟರ್ ದಾಟಿಹೋಯಿತು. ತಿರುವಿನಲ್ಲಿ ಅಷ್ಟು ಸಾಕು ಹುಲ್ಲಿಗೆ ಇಳಿಯಲು. 'ಒತ್ತಿದ ಸ್ವಲ್ಪ ಹೊತ್ತಿಗೆ ತಿರುಗುತ್ತದೆ' ಅಂತ ನೀವು ಬರೆದದ್ದು ಭ್ರಮೆಯಲ್ಲ, ಅಳೆಯಬಹುದಾದ ವಿಷಯ.

ಎರಡನೆಯದು ಶಬ್ದ. ಸ್ಪೆಕ್ಟ್ರಮ್‌ನಲ್ಲಿ ಶಬ್ದಕ್ಕೆ ಅಂತ ಬೇರೆ ಚಿಪ್ ಇರಲಿಲ್ಲ. ಒಂದು ಪುಟ್ಟ ಸ್ಪೀಕರ್ ಕಂಪ್ಯೂಟರಿನ ಒಳಗೇ ಇತ್ತು, ನಿಮ್ಮ ಬೆರಳುಗಳ ಕೆಳಗೆ. ಚಿತ್ರ ಬರೆಯುವ ಅದೇ ಪ್ರೊಸೆಸರ್ ನಡುನಡುವೆ ಬಿಡುವು ಮಾಡಿಕೊಂಡು ಆ ಸ್ಪೀಕರನ್ನು ಟಕಟಕ ಅಂತ ತಟ್ಟುತ್ತಿತ್ತು. ಅಂದರೆ ಪ್ರೋಗ್ರಾಮ್ ಬರೆದವರು ಒಂದೊಂದು ಸಲ ಎಂಜಿನ್ ಸದ್ದು ಮಾಡಲೂ ಚಿತ್ರದ ಸಮಯವನ್ನು ಕದಿಯಬೇಕಿತ್ತು. ಆದರೂ ಕದ್ದರು. ಯಾಕೆಂದರೆ ಎಂಜಿನ್ ಸದ್ದು ಏರುತ್ತಾ ಹೋದರೆ ಕಣ್ಣಿಗೆ ಕಾಣದ ವೇಗವನ್ನೂ ಕಿವಿ ತುಂಬಿಕೊಡುತ್ತದೆ. ಫೋನಿನ ಸದ್ದು ಕಡಿಮೆ ಮಾಡಿಯೋ ಬ್ಲೂಟೂತ್ ಇಯರ್‌ಫೋನ್ ಹಾಕಿಯೋ ಆಡಿದ್ದರೆ ಅರ್ಧ ವೇಗ ಅಲ್ಲೇ ಹೋಯಿತು. ಬ್ಲೂಟೂತ್‌ನಲ್ಲಿ ಶಬ್ದ ಚಿತ್ರಕ್ಕಿಂತ ಹಿಂದೆ ಬೀಳುತ್ತದೆ.

ಮೂರನೆಯದು 50 ಮತ್ತು 60ರ ಜಗಳ. ಬ್ರಿಟನ್ನಿನಲ್ಲೂ ನಮ್ಮಲ್ಲೂ ಟಿವಿ ಸೆಕೆಂಡಿಗೆ 50 ಸಲ. ಸ್ಪೆಕ್ಟ್ರಮ್ ಆಟಗಳೆಲ್ಲ ಆ ತಾಳಕ್ಕೆ ಬರೆದವು. ಹೆಚ್ಚಿನ ಮೊಬೈಲ್ ಮತ್ತು ಲ್ಯಾಪ್‌ಟಾಪ್ ಪರದೆ ಸೆಕೆಂಡಿಗೆ 60 ಸಲ. 50 ಚಿತ್ರವನ್ನು 60 ಜಾಗದಲ್ಲಿ ಕೂರಿಸಬೇಕಾದರೆ ಐದು ಚಿತ್ರಕ್ಕೆ ಒಂದು ಸಲ ಅದೇ ಚಿತ್ರವನ್ನು ಮತ್ತೆ ತೋರಿಸಬೇಕು. ನೆಟ್ಟಗೆ ಹೋಗುವ ರಸ್ತೆ ಕೂಡ ಹೀಗೆ ತೊದಲುತ್ತದೆ. ನೀವು ಕುಂಟು ಅಂದದ್ದರಲ್ಲಿ ದೊಡ್ಡ ಪಾಲು ಇದೇ. ಆಟ ಅಸಲಿಯೇ, ಬೈಟ್ ಬೈಟೂ ಅದೇ. ತಾಳ ತಪ್ಪಿದೆ ಅಷ್ಟೆ.

ಹೀಗೆ ನಿಮ್ಮ ಬೇಜಾರಿನಲ್ಲಿ ಒಂದು ಭಾಗ ವಯಸ್ಸಿಗೆ ಸೇರಿದ್ದು, ಒಂದು ಭಾಗ ತಾಂತ್ರಿಕ. ವಯಸ್ಸಿನದ್ದಕ್ಕೆ ನನ್ನ ಬಳಿ ಔಷಧಿ ಇಲ್ಲ. ತಾಂತ್ರಿಕ ಭಾಗಕ್ಕೆ ಇದೆ, ಮತ್ತು ಅದು ಜನ ಅಂದುಕೊಂಡದ್ದಕ್ಕಿಂತ ದೊಡ್ಡದು. ಅದನ್ನು ಸರಿಮಾಡದೆ ನೆನಪನ್ನು ದೂರಬೇಡಿ.

ಆ ಕಾಲದವರ ಕೈಚಳಕದ ಬಗ್ಗೆ ಇನ್ನೊಂದು ಉದಾಹರಣೆ ಕೊಡದೆ ನನಗೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1984-85ರ ಸುಮಾರಿಗೆ ನಮ್ಮ ಸರ್ಕಾರ ಕ್ಲಾಸ್ ಎಂಬ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತು. ಅದೂ ಬ್ರಿಟನ್ನಿನದೇ, ಏಕಾರ್ನ್ ಕಂಪನಿಯದು. ಅದೇ ಯಂತ್ರಕ್ಕೆ ಅದೇ ಹೊತ್ತಿಗೆ ಜೆಫ್ ಕ್ರಾಮಂಡ್ ಎಂಬುವರು 'ರೆವ್ಸ್' ಅಂತ ರೇಸ್ ಆಟ ಬರೆದರು. ಸಿಲ್ವರ್‌ಸ್ಟೋನ್ ಟ್ರ್ಯಾಕಿನ ಫಾರ್ಮುಲಾ 3 ಕಾರು. ಆ ಕಂಪ್ಯೂಟರಿನ ಒಟ್ಟು ಮೆಮೊರಿ 32 ಕಿಲೋಬೈಟ್. ಪರದೆಯ ಚಿತ್ರವೂ ಅದರಲ್ಲೇ ಇರಬೇಕು, ಪ್ರೋಗ್ರಾಮೂ ಅದರಲ್ಲೇ. ಜಾಗ ಸಾಲಲಿಲ್ಲ. ಅವರು ಏನು ಮಾಡಿದರು ಗೊತ್ತಾ? ಪರದೆಯ ಮೇಲ್ಭಾಗ ಬರೀ ನೀಲಿ ಆಕಾಶ ತಾನೆ? ಆ ಆಕಾಶಕ್ಕೆ ಮೀಸಲಾದ ಮೆಮೊರಿಯಲ್ಲೇ ಪ್ರೋಗ್ರಾಮಿನ ಒಂದು ಭಾಗವನ್ನು ಇಟ್ಟುಬಿಟ್ಟರು. ಅದು ಪರದೆ ಮೇಲೆ ಚುಕ್ಕಿಚುಕ್ಕಿ ಕಸವಾಗಿ ಕಾಣಬೇಕಿತ್ತು. ಕಾಣದ ಹಾಗೆ ಅಷ್ಟು ಭಾಗದಲ್ಲಿ ಎಲ್ಲ ಬಣ್ಣವನ್ನೂ ನೀಲಿಗೇ ತಿರುಗಿಸಿದರು. ಆಡುವವನು ಆಕಾಶ ಅಂತ ನೋಡುತ್ತಿದ್ದದ್ದು ಕಾರನ್ನು ಓಡಿಸುತ್ತಿದ್ದ ಪ್ರೋಗ್ರಾಮನ್ನೇ. ಇದನ್ನು ತಿಳಿದ ಮೇಲೆ ಆ ಆಟವನ್ನು ಮತ್ತೆ ಹಾಕಿಕೊಂಡು ಎಷ್ಟೋ ಹೊತ್ತು ಕಾರು ಓಡಿಸದೆ ಆಕಾಶ ನೋಡುತ್ತಾ ಕೂತಿದ್ದೆ.

ನಿಮ್ಮ ಚೆಕರ್ಡ್ ಫ್ಲ್ಯಾಗ್ ಬರೆದವರೂ ಸಾಮಾನ್ಯರಲ್ಲ. 1983ರಲ್ಲಿ ಅದನ್ನು ಮಾಡಿದ್ದು ಸಯಾನ್ (Psion) ಎಂಬ ಲಂಡನ್ನಿನ ಕಂಪನಿ. ಸ್ಪೆಕ್ಟ್ರಮ್‌ಗೆ ಬಂದ ಮೊದಲ ಡ್ರೈವಿಂಗ್ ಆಟಗಳಲ್ಲಿ ಅದು ಒಂದು. ಅದೇ ಕಂಪನಿ ಮುಂದೆ ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್‌ಗಳನ್ನು ಮಾಡಿತು. ಅವುಗಳ ಸಾಫ್ಟ್‌ವೇರಿನಿಂದಲೇ ಸಿಂಬಿಯನ್ ಹುಟ್ಟಿತು. ನಮ್ಮಲ್ಲಿ ಎಷ್ಟೋ ಜನರ ಮೊದಲ ಸ್ಮಾರ್ಟ್‌ಫೋನ್, ಆ ನೋಕಿಯಾ, ಓಡುತ್ತಿದ್ದದ್ದು ಅದರ ಮೇಲೆ.

ಈಗ ಏನು ಮಾಡಬಹುದು ಅಂತ ನೋಡೋಣ. ದುಡ್ಡು ಖರ್ಚಾಗದ ದಾರಿಯಿಂದ ಶುರು ಮಾಡುತ್ತೇನೆ.

ಮೊಬೈಲ್ ಬಿಡಿ. ಮಗನ ಲ್ಯಾಪ್‌ಟಾಪಿಗೆ ಫ್ಯೂಸ್ ಎಂಬ ಎಮ್ಯುಲೇಟರ್ ಹಾಕಿ. ಅದು ಉಚಿತ. ಸ್ಪೆಕ್ಟ್ರಮ್‌ನ ಹಕ್ಕನ್ನು 1986ರಲ್ಲಿ ಕೊಂಡ ಆಮ್‌ಸ್ಟ್ರಾಡ್ ಕಂಪನಿ ಅದರ ಮೂಲ ರಾಮ್‌ಗಳನ್ನು (ROM, ಯಂತ್ರದೊಳಗೇ ಅಚ್ಚಾಗಿರುವ ಪ್ರೋಗ್ರಾಮ್) ಎಮ್ಯುಲೇಟರ್ ಜೊತೆ ಹಂಚಲು ಒಪ್ಪಿಗೆ ಕೊಟ್ಟಿದೆ, ಆ ಬಗ್ಗೆ ಅಳುಕು ಬೇಡ. ಆಟಗಳ ಹಕ್ಕು ಮಾತ್ರ ಬೇರೆ ಬೇರೆಯವರ ಬಳಿ ಇದೆ. ನಿಮ್ಮದೇ ಕ್ಯಾಸೆಟ್‌ನಿಂದ ತೆಗೆದ ಆಟವಾದರೆ ಮನಸ್ಸಿಗೂ ನಿರಾಳ. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೆ ಸೇರಿಸಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ 50 ಹರ್ಟ್ಸ್ ಮಾಡಿ. ನಮ್ಮಲ್ಲಿ ಸಿಗುವ ಎಷ್ಟೋ ಟಿವಿಗಳು ಅದನ್ನು ಒಪ್ಪುತ್ತವೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಿತ್ರ ಚೆಂದ ಮಾಡುವ ಸೆಟ್ಟಿಂಗ್‌ಗಳನ್ನೆಲ್ಲ ಆಫ್ ಮಾಡಿ. ವೈರ್ ಇರುವ ಕೀಬೋರ್ಡ್, ವೈರ್ ಇರುವ ಸ್ಪೀಕರ್. ಸ್ಪೀಕರನ್ನು ಟಿವಿ ಪಕ್ಕ ಇಡಬೇಡಿ, ಕೀಬೋರ್ಡ್ ಪಕ್ಕದಲ್ಲೇ ಇಡಿ. ಸೋಫಾದ ಮೇಲಲ್ಲ, ಆಗಿನ ಹಾಗೆ ನೆಲದ ಮೇಲೆ ಹತ್ತಿರ ಕೂತು ಆಡಿ. ರಸ್ತೆ ಕಣ್ಣು ತುಂಬಬೇಕು.

ತಡ ಎಷ್ಟಿದೆ ಅಂತ ಮನೆಯಲ್ಲೇ ಅಳೆಯಬಹುದು. ಮೊಬೈಲ್ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಇರುತ್ತದಲ್ಲ, ಸೆಕೆಂಡಿಗೆ 240 ಫ್ರೇಮಿನದು, ಅದರಲ್ಲಿ ಬೆರಳೂ ಟಿವಿಯೂ ಒಟ್ಟಿಗೆ ಕಾಣುವ ಹಾಗೆ ವಿಡಿಯೋ ಮಾಡಿ. ಬೆರಳು ಕೀಲಿಯನ್ನು ಪೂರ್ತಿ ಒತ್ತಿದ ಫ್ರೇಮಿನಿಂದ ರಸ್ತೆ ಕದಲಿದ ಫ್ರೇಮಿನವರೆಗೆ ಎಣಿಸಿ. 24 ಫ್ರೇಮ್ ಬಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಒಂದೇ ಸಲ ಮಾಡಿ ನಂಬಬೇಡಿ, ಐದಾರು ಸಲ ಮಾಡಿ. ಆಟಕ್ಕೇ ಸೇರಿದ ತಡವೂ ಇದರಲ್ಲಿ ಸೇರಿರುತ್ತದೆ. ಆದ್ದರಿಂದ ಸಂಖ್ಯೆ ಸೊನ್ನೆಗೆ ಬರುವುದಿಲ್ಲ. ಗೇಮ್ ಮೋಡ್ ಹಾಕುವ ಮೊದಲೂ ಆಮೇಲೂ ಎಣಿಸಿ ನೋಡಿ. ನನ್ನ ಮನೆಯ ಟಿವಿಯಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಅದು ಇಳಿದ ದಿನ ತಿರುವುಗಳು ಮತ್ತೆ ಕೈಗೆ ಸಿಕ್ಕವು.

ಇಷ್ಟು ಮಾಡಿ ಒಂದು ವಾರ ಆಡಿ. ಇಷ್ಟಕ್ಕೇ ತೃಪ್ತಿ ಆದವರು ನನ್ನ ಬಳಿ ಬಂದವರಲ್ಲಿ ತುಂಬಾ ಜನ ಇದ್ದಾರೆ.

ಕೈಗೆ ಆ ರಬ್ಬರ್ ಕೀಲಿಯೇ ಬೇಕು ಅನ್ನಿಸಿದರೆ ಎರಡನೇ ದಾರಿ, ಹೊಸದಾಗಿ ಮಾಡಿದ ಪ್ರತಿರೂಪ. ರೆಟ್ರೋ ಗೇಮ್ಸ್ ಎಂಬ ಬ್ರಿಟಿಷ್ ಕಂಪನಿ 2024ರಲ್ಲಿ ದಿ ಸ್ಪೆಕ್ಟ್ರಮ್ ಅಂತ ಬಿಡುಗಡೆ ಮಾಡಿತು. ಹೊರಗೆ ಹಳೇ ಅಳತೆ, ಅದೇ ರಬ್ಬರ್ ಕೀಲಿ. ಒಳಗೆ ಈಗಿನ ಚಿಪ್ಪಿನಲ್ಲಿ ಎಮ್ಯುಲೇಟರ್. ಎಚ್‌ಡಿಎಂಐ ಇದೆ, ಪೆನ್‌ಡ್ರೈವ್‌ನಿಂದ ಆಟ ಹಾಕಬಹುದು. ಕ್ಯಾಸೆಟ್ ಜೋಡಿಸುವ ಜಾಗ ಇಲ್ಲ. ಅದು ಬೇಕಿದ್ದರೆ ಸ್ಪೆಕ್ಟ್ರಮ್ ನೆಕ್ಸ್ಟ್ ಇದೆ. ಅದರಲ್ಲಿ ಹಳೇ ಸರ್ಕ್ಯೂಟನ್ನೇ ಎಫ್‌ಪಿಜಿಎ ಎಂಬ, ಬೇಕಾದ ಸರ್ಕ್ಯೂಟಿನ ರೂಪ ಕೊಡಬಹುದಾದ ಚಿಪ್ಪಿನಲ್ಲಿ ಮರುಕಟ್ಟಿದ್ದಾರೆ. ಆದರೆ ದುಬಾರಿ, ಬೇಕೆಂದಾಗ ಸಿಗುವುದೂ ಇಲ್ಲ. ಹೊರದೇಶದಿಂದ ತರಿಸಿದರೆ ಎರಡಕ್ಕೂ ಕಸ್ಟಮ್ಸ್ ಸೇರುತ್ತದೆ, ಲೆಕ್ಕ ಹಾಕುವಾಗ ಮರೆಯಬೇಡಿ. ನಿಮಗೆ ಇವೆರಡರಲ್ಲಿ ಮೊದಲನೆಯದು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಮೂರನೆಯದು ಅಸಲಿ ಯಂತ್ರ. ನನಗೆ ಅವುಗಳ ಮೇಲೆ ಎಷ್ಟು ಪ್ರೀತಿ ಅಂದರೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದರೆ ನಿಮಗೆ ಈಗಲೇ ಕೊಳ್ಳಿ ಅಂತಲೂ ಹೇಳಲಾರೆ. ಬರೀ ಆನ್ ಆಗುತ್ತದೆ ಅನ್ನುವ ಮಾತಿಗೆ ಬೆಲೆ ಇಲ್ಲ. ನಲವತ್ತು ವರ್ಷದ ಯಂತ್ರ. ಕೀಬೋರ್ಡಿನ ಕೆಳಗೆ ಪ್ಲಾಸ್ಟಿಕ್ ಹಾಳೆಯ ಮೆಂಬ್ರೇನ್ ಇರುತ್ತದೆ. ಅದರ ಬಾಲ ಒಣಗಿ ಹಪ್ಪಳದ ಹಾಗೆ ಮುರಿಯುತ್ತದೆ. ಹೊಸದು ಸಿಗುತ್ತದೆ, ಹಾಕುವುದೂ ಸುಲಭ, ಅದು ಭಯದ ವಿಷಯ ಅಲ್ಲ. ಕೆಪಾಸಿಟರ್‌ಗಳನ್ನು ಬದಲಿಸಲೇಬೇಕು. ಅದಕ್ಕಿಂತ ಸೂಕ್ಷ್ಮ ಮೆಮೊರಿ ಚಿಪ್‌ಗಳದ್ದು. ಸ್ಪೆಕ್ಟ್ರಮ್‌ನ ಕೆಳಗಿನ 16 ಕಿಲೋಬೈಟ್ ಮೆಮೊರಿಗೆ ಮೂರು ಥರದ ವೋಲ್ಟೇಜ್ ಬೇಕು: 5, 12 ಮತ್ತು ಮೈನಸ್ 5. ಅವುಗಳಲ್ಲಿ 12 ಮತ್ತು ಮೈನಸ್ 5ನ್ನು ಬೋರ್ಡಿನ ಮೇಲಿರುವ ಪುಟ್ಟ ಸರ್ಕ್ಯೂಟ್ ಒಂದು ತಯಾರಿಸುತ್ತದೆ. ಅದು ಕೆಟ್ಟರೆ ಚಿಪ್‌ಗಳನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಅಡಾಪ್ಟರ್. ಸ್ಪೆಕ್ಟ್ರಮ್‌ಗೆ 9 ವೋಲ್ಟ್ ಬೇಕು, ಆದರೆ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ನಮ್ಮ ಅಂಗಡಿಯಲ್ಲಿ ಸಿಗುವ ಮಾಮೂಲಿ ಅಡಾಪ್ಟರ್ ಇದಕ್ಕೆ ಉಲ್ಟಾ. ಪಿನ್ ಚೆನ್ನಾಗಿ ಕೂರುತ್ತದೆ, ಅದೇ ಮೋಸ. ಒಬ್ಬರು ತಂದೆಯವರ ಯಂತ್ರವನ್ನು ಹೀಗೇ ಆನ್ ಮಾಡಿ, ವಾಸನೆ ಬಂದ ಮೇಲೆ ನನ್ನ ಹತ್ತಿರ ತಂದಿದ್ದರು. ಬೋರ್ಡ್ ಉಳಿಯಲಿಲ್ಲ. ಅವರ ಮುಖ ನನಗೆ ಈಗಲೂ ನೆನಪಿದೆ. ಯಾವ ಹಳೇ ಯಂತ್ರವೇ ಆಗಲಿ, ಮೀಟರಿನಲ್ಲಿ ಅಳೆಯದೆ ಪಿನ್ ಚುಚ್ಚಬೇಡಿ. ಅದೇ ಕಾಲದ ಇನ್ನೊಂದು ಕಂಪ್ಯೂಟರ್, ಕಮೊಡೋರ್ 64, ಕೊಳ್ಳುವ ಮನಸ್ಸಿದ್ದವರಿಗೂ ಒಂದು ಮಾತು. ಅದರ ಜೊತೆ ಬಂದ ಇಟ್ಟಿಗೆಯಂಥ ಅಡಾಪ್ಟರ್ ಹಳೆಯದಾದ ಮೇಲೆ 5 ವೋಲ್ಟ್ ಮೀರಿ ಕೊಡಲು ಶುರುಮಾಡಿ ಮೆಮೊರಿಯನ್ನು ಸುಡುವುದುಂಟು. ಅದನ್ನು ನೆನಪಿಗೆ ಇಟ್ಟುಕೊಳ್ಳಿ, ಬಳಸುವುದಕ್ಕೆ ಹೊಸದು ತನ್ನಿ. ಅಮೆರಿಕದಿಂದ ಬಂದ ಯಂತ್ರವಂತೂ ಬೇಡವೇ ಬೇಡ. ಅಲ್ಲಿ ಕರೆಂಟು 120 ವೋಲ್ಟ್, ಟಿವಿ 60ರದ್ದು. 50ರ ತಾಳಕ್ಕೆ ಬರೆದ ಆಟ ಅದರಲ್ಲಿ ಐದನೇ ಒಂದು ಪಾಲು ಜಾಸ್ತಿ ವೇಗದಲ್ಲಿ ಓಡಬಹುದು.

ಇನ್ನು ಟಿವಿ. ಸ್ಪೆಕ್ಟ್ರಮ್ ಚಿತ್ರವನ್ನು ಕಳಿಸುವುದು ಆಂಟೆನಾ ಕೇಬಲಿನಲ್ಲಿ, ಯುಎಚ್‌ಎಫ್ 36ನೇ ಚಾನೆಲಿನಲ್ಲಿ. ಈಗಿನ ಕೆಲವು ಟಿವಿ ಅದನ್ನು ಹಿಡಿಯುವುದೇ ಇಲ್ಲ. ಕಂಪೋಸಿಟ್ ವಿಡಿಯೋ (ಹಳದಿ ಪಿನ್ನಿನ ಕೇಬಲಿನದು) ತೆಗೆಯುವ ಹಾಗೆ ಒಳಗೆ ಒಂದು ಸಣ್ಣ ತಿದ್ದುಪಡಿ ಮಾಡಿಸಬೇಕು. ಮತ್ತು ಎಲ್‌ಇಡಿ ಟಿವಿಗೆ ಹಾಕಿದರೆ ಟಿವಿಯ ತಡ ಅಸಲಿ ಯಂತ್ರಕ್ಕೂ ಬಿಟ್ಟದ್ದಲ್ಲ! ಅರ್ಧ ತಿಂಗಳ ಸಂಬಳ ಕೊಟ್ಟು ಅದೇ ಕುಂಟನ್ನು ಮನೆಗೆ ತಂದ ಹಾಗಾಗುತ್ತದೆ. ಅಸಲಿ ಬೇಕು ಅಂದರೆ ಪಿಕ್ಚರ್ ಟ್ಯೂಬ್ ಟಿವಿಯೂ ಬೇಕು.

ಕೊಳ್ಳಲೇಬೇಕು ಅಂತ ತೀರ್ಮಾನಿಸಿದರೆ ಆ ಮಾರುವವರ ಹತ್ತಿರ ಅವಸರ ಮಾಡಬೇಡಿ. 1986ರಿಂದ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ನಮ್ಮ ದೇಶದಲ್ಲೇ ಲೈಸೆನ್ಸ್ ಪಡೆದು ಡಿಬಿ ಸ್ಪೆಕ್ಟ್ರಮ್ ಪ್ಲಸ್ ಅಂತ ಮಾರಿತ್ತು. ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟ ಇಂಥ ಯಂತ್ರಗಳು ಇನ್ನೂ ಇವೆ. ನೆಂಟರು, ಚಿಕ್ಕಪ್ಪನ ಸ್ನೇಹಿತರು, ಅವರ ಆಫೀಸಿನವರು, ಇವರನ್ನೆಲ್ಲ ಒಮ್ಮೆ ವಿಚಾರಿಸಿ. ಚಿಕ್ಕಪ್ಪನ ಯಂತ್ರವೇ ಯಾರದೋ ಅಟ್ಟದಲ್ಲಿ ಇರಬಹುದಲ್ವಾ?

ಈಗ ಕ್ಯಾಸೆಟ್. ಆ ಬಿಳಿ ಪುಡಿ ಬೂಷ್ಟು. ಮಲೆನಾಡಿನಿಂದ ನನ್ನ ಹತ್ತಿರ ಬರುವ ಕ್ಯಾಸೆಟ್‌ಗಳಲ್ಲಿ ಬೂಷ್ಟು ಹಿಡಿಯದ್ದೇ ಕಡಿಮೆ. ಕ್ಯಾಸೆಟ್ ಕಿಟಕಿಯಲ್ಲಿ ನೋಡಿ, ಟೇಪಿನ ಸುರುಳಿಯ ಮೇಲೆ ಹಿಟ್ಟು ಉದುರಿಸಿದ ಹಾಗೆ ಉಂಗುರ ಉಂಗುರವಾಗಿ ಕಾಣುತ್ತದೆ. ಸಮಾಧಾನದ ಸಂಗತಿ, ಹೆಚ್ಚಿನ ಸಲ ಅದು ಅಂಚಿನಲ್ಲೇ ಇರುತ್ತದೆ, ಒಳಗಿನ ರೆಕಾರ್ಡಿಂಗ್ ಉಳಿದಿರುತ್ತದೆ. ಆದರೆ ಹಾಗೇ ಪ್ಲೇ ಮಾಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿದ್ದ ಕಡೆ ಟೇಪ್ ಹರಿಯುತ್ತದೆ. ಬೂಷ್ಟು ಟೇಪನ್ನು ಓದುವ ಹೆಡ್ಡಿಗೂ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ.

ಮೊದಲು ಒಣಗಿಸಿ. ಬಿಸಿಲಿಗೆ ಇಡಬೇಡಿ, ಒಲೆಯ ಹತ್ತಿರವೂ ಬೇಡ, ಟೇಪ್ ಸೊಟ್ಟಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ವಾರ ಇಡಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕೂತು ಬಿಚ್ಚಿ. ಆ ಪುಡಿ ಉಸಿರಿಗೆ ಒಳ್ಳೆಯದಲ್ಲ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಸುಲಭ. ಟೇಪಿನ ಅಂಚನ್ನು ಮೆತ್ತನೆಯ ಒಣ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ಪೆನ್ಸಿಲ್ ತೂರಿಸಿ ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿ. ಸಿಕ್ಕಿಕೊಂಡರೆ ಎಳೆಯಬೇಡಿ, ಅಲ್ಲೇ ನಿಲ್ಲಿಸಿ. ಟೇಪಿನ ಹಿಂದೆ ಒಂದು ಪುಟ್ಟ ಫೆಲ್ಟ್ ಚೂರು ಇರುತ್ತದೆ, ಹೆಡ್ಡಿಗೆ ಟೇಪನ್ನು ಒತ್ತಿ ಹಿಡಿಯುವುದು. ಹಳೇ ಕ್ಯಾಸೆಟ್‌ಗಳಲ್ಲಿ ಅದರ ಅಂಟು ಬಿಟ್ಟು ಉದುರಿರುತ್ತದೆ. ಅದಿಲ್ಲದೆ ಆಟ ಲೋಡ್ ಆಗುವುದಿಲ್ಲ. ಸ್ಕ್ರೂ ಇರುವ ಇನ್ನೊಂದು ಬೇಡದ ಕ್ಯಾಸೆಟ್ಟಿನ ಪೆಟ್ಟಿಗೆಗೆ ಟೇಪನ್ನು ವರ್ಗ ಮಾಡಿಬಿಡಿ.

ಆಮೇಲೆ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡುವುದು. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಇದ್ದರೆ ಆಫ್ ಮಾಡಿ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೇಳಿ. ಕ್ಯಾಸೆಟ್ ಶುರುವಿನಲ್ಲಿ ಉದ್ದಕ್ಕೆ ಬರುವ ಪೀಈಈ ಸದ್ದು ಎಲ್ಲಿ ಅತ್ಯಂತ ಚುರುಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಆ ಕಿರುಚಾಟ ನಿಮಗೆ ನೆನಪಿರಬೇಕು. ಜೆ ಒತ್ತಿದರೆ ಲೋಡ್ ಅಂತ ಬರುವುದು, ಆಮೇಲೆ ಎರಡು ಸಲ ಉದ್ಧರಣ ಚಿಹ್ನೆ, ಆಮೇಲೆ ಪರದೆಯ ಅಂಚಿನಲ್ಲಿ ಓಡುವ ಪಟ್ಟೆಗಳು, ಸುಮಾರು ಐದು ನಿಮಿಷದ ಕಾಯುವಿಕೆ. 44.1 ಕಿಲೋಹರ್ಟ್ಸ್‌ನಲ್ಲಿ ವೇವ್ ಫೈಲ್ ಆಗಿ ಉಳಿಸಿ. ಎಂಪಿ3 ಬೇಡ, ಅದು ಮನುಷ್ಯರ ಕಿವಿಗೆ ಬೇಡದ್ದನ್ನು ತೆಗೆದುಹಾಕುತ್ತದೆ, ಕಂಪ್ಯೂಟರಿಗೆ ಅದೂ ಬೇಕು. ಒಂದೊಂದು ಕ್ಯಾಸೆಟ್ಟನ್ನೂ ಎರಡು ಸಲ ರೆಕಾರ್ಡ್ ಮಾಡಿ. ಒಂದರಲ್ಲಿ ಹಾಳಾದ ಜಾಗ ಇನ್ನೊಂದರಲ್ಲಿ ಸರಿ ಇರಬಹುದು.

ಆಟದ ಸದ್ದು ಮುಗಿಯಿತು ಅಂತ ನಿಲ್ಲಿಸಬೇಡಿ. ಎರಡೂ ಬದಿ, ಟೇಪ್ ಪೂರ್ತಿ ತೀರುವತನಕ ಓಡಲಿ. ಆಗ ಮನೆಯಲ್ಲಿ ನಕಲು ಮಾಡಿಕೊಂಡ ಕ್ಯಾಸೆಟ್‌ಗಳಲ್ಲಿ ಒಂದು ಆಟ ಮುಗಿದು ಇನ್ನೊಂದು ಎಲ್ಲಿ ಶುರು ಅಂತ ಗೊತ್ತಾಗಲು, ನಡುವೆ ಮೈಕ್ ಸಿಕ್ಕಿಸಿ ಆಟದ ಹೆಸರನ್ನು ಬಾಯಲ್ಲೇ ಹೇಳಿ ರೆಕಾರ್ಡ್ ಮಾಡುತ್ತಿದ್ದವರಿದ್ದರು. ನನ್ನ ಬಳಿ ಬಂದ ಎರಡು ಮೂರು ಕ್ಯಾಸೆಟ್‌ಗಳಲ್ಲಿ ಅಂಥ ದನಿ ಸಿಕ್ಕಿದೆ. ನಿಮ್ಮವುಗಳಲ್ಲಿ ಸಿಕ್ಕರೆ ಆ ಭಾಗವನ್ನು ಕತ್ತರಿಸಬೇಡಿ.